ಎರಡನೆಯ ದಾರಿಯ ಕಟ್ಟುಪಾಡು

ಸ್ವಿಚ್ಚು ಎಂದೊಡನೆ ನಿಮ್ಮ ಕಣ್ಣು ಗೋಡೆಯ ಕಡೆಗೆ ಹೋದೀತು. ದೀಪ ಹೊತ್ತಿಸುವ ಆ ಗುಂಡಿಯ ಮಾತನ್ನು ನಾನು ಆಡುತ್ತಿಲ್ಲ. ಆಸ್ಪತ್ರೆ, ಬ್ಯಾಂಕು, ದೊಡ್ಡ ಕಚೇರಿಗಳಲ್ಲಿ ನೂರಾರು ಗಣಕಯಂತ್ರಗಳನ್ನು ತಂತಿಗಳಿಂದ ಕೂಡಿಸುವ ಪೆಟ್ಟಿಗೆಗೂ ಇದೇ ಹೆಸರು. ಕೆಳಗಿನ ಪ್ರಯೋಗಾಲಯದಲ್ಲಿ ನಡೆದ ನಿಮ್ಮ ರಕ್ತಪರೀಕ್ಷೆಯ ಫಲಿತಾಂಶ ಮಹಡಿಯ ಮೇಲಿನ ವೈದ್ಯರ ಮೇಜನ್ನು ಕ್ಷಣದಲ್ಲಿ ಮುಟ್ಟುವುದು ಇದರ ಮೂಲಕವೇ. ಬಂದ ಸಂದೇಶದ ಮೇಲಿನ 'ಇಂದ' ವಿಳಾಸವನ್ನು ನೋಡಿ, ಯಾವ ತಂತಿಯ ಕಡೆ ಯಾರಿದ್ದಾರೆಂದು ಪೆಟ್ಟಿಗೆ ತಾನೇ ಕಲಿಯುತ್ತದೆ. ಎಲ್ಲರಿಗೂ ಎಂದು ಬಂದ ಸಂದೇಶವನ್ನು ಮಾತ್ರ, ಅದು ಬಂದ ತಂತಿಯನ್ನು ಬಿಟ್ಟು ಉಳಿದೆಲ್ಲ ತಂತಿಗಳಿಗೂ ಡಂಗುರದಂತೆ ಸಾರುತ್ತದೆ.

ಎರಡು ಪೆಟ್ಟಿಗೆಗಳ ನಡುವೆ ಒಂದೇ ದಾರಿಯಿದ್ದರೆ, ಅದು ಕಡಿದ ದಿನ ಕೆಲಸ ನಿಂತಿತು. ಆದುದರಿಂದ ಎರಡನೆಯ ದಾರಿಯೊಂದು ಬೇಕೆಂದು ಯಾರಿಗಾದರೂ ತೋರುತ್ತದೆ. ತೊಡಕು ಇರುವುದು ಅಲ್ಲಿಯೇ. ಎರಡು ದಾರಿಗಳು ಸೇರಿ ಒಂದು ಸುತ್ತಾಯಿತೆನ್ನಿ. ಒಂದರಿಂದ ಹೋದ ಡಂಗುರ ಇನ್ನೊಂದರಿಂದ ಮರಳುತ್ತದೆ, ಮತ್ತೆ ಹೊರಡುತ್ತದೆ. ಈಥರ್‌ನೆಟ್ ಸಂದೇಶಕ್ಕೆ ಇಷ್ಟು ಹೆಜ್ಜೆಗಳ ನಂತರ ಸಾಯಬೇಕೆಂಬ ಆಯುಸ್ಸಿನ ಮಿತಿಯಿಲ್ಲ. ಅದು ಸುತ್ತುತ್ತಲೇ ಇರುತ್ತದೆ. ಸುತ್ತುಗಳು ಹಲವಿದ್ದರೆ ಒಂದು ಹತ್ತಾಗುತ್ತದೆ, ಹತ್ತು ಸಾವಿರವಾಗುತ್ತದೆ. ಕೆಲವೇ ಕ್ಷಣಗಳಲ್ಲಿ ಬೇರೆ ಮಾತಿಗೆ ಎಡೆಯೇ ಉಳಿಯದು.

ಇದಕ್ಕೆ ಉಪಾಯ ಕಂಡವರು ಅಮೆರಿಕದ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಅವರ ಪ್ರಬಂಧ ಪ್ರಕಟವಾದದ್ದು 1985ರಲ್ಲಿ. ಪೆಟ್ಟಿಗೆಗಳೆಲ್ಲ ತಮ್ಮೊಳಗೆ ಅತಿ ಸಣ್ಣ ಸಂಖ್ಯೆಯುಳ್ಳದ್ದನ್ನು ಬೇರೆಂದು ಆರಿಸಿಕೊಳ್ಳಬೇಕು. ಆ ಬೇರಿಗೆ ತಲುಪುವ ಉತ್ತಮ ದಾರಿಗಳನ್ನು ತೆರೆದಿಟ್ಟು, ಹೆಚ್ಚಿನವನ್ನು ಕಡಿಯದೆ ಮೌನವಾಗಿರಿಸಬೇಕು. ಹಾಗೆ ನಿಂತದ್ದು ಸುತ್ತಿಲ್ಲದ ಒಂದು ಮರ. ಪ್ರಬಂಧದ ಮೊದಲಲ್ಲಿ ಸಾರಾಂಶ ಬರಬೇಕಾದೆಡೆ ಆಕೆ ಒಂದು ಪದ್ಯವನ್ನಿಟ್ಟರು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಗಣಿತವನ್ನೇ ಕನ್ನಡ ಪದ್ಯಕ್ಕಿಳಿಸಿದ್ದನ್ನು ಬಲ್ಲ ನಮಗೆ ಇದು ಪರಕೀಯವೆನಿಸದು.

ಬೇರಿನಿಂದ 2 ಸೆಕೆಂಡಿಗೊಮ್ಮೆ ಕುಶಲವಾರ್ತೆ ಹೊರಡುತ್ತದೆ. ಹಳೆಯ ಕ್ರಮದಲ್ಲಿ 20 ಸೆಕೆಂಡು ವಾರ್ತೆ ಬಾರದಿದ್ದರೆ ದಾರಿ ಕೆಟ್ಟಿತೆಂದು ತಿಳಿದು, ಮೌನದ ದಾರಿಯನ್ನು 15 ಮತ್ತು 15 ಸೆಕೆಂಡುಗಳ ಎರಡು ಹಂತಗಳಲ್ಲಿ ತೆರೆಯುತ್ತಿದ್ದರು. ಒಟ್ಟು 50 ಸೆಕೆಂಡು. 2001ರ ತಿದ್ದುಪಡಿಯಿಂದ ಇದು ಕೆಲವೇ ಸೆಕೆಂಡುಗಳಿಗೆ ಇಳಿಯಿತು. ಬೇರು ಯಾವುದಾಗಬೇಕೆಂದು ಮೇಲ್ವಿಚಾರಕನು ಮೊದಲೇ ನಿಗದಿಮಾಡದಿದ್ದರೆ, ಮೂಲೆಯ ಯಾವುದೋ ಹಳೆಯ ಪೆಟ್ಟಿಗೆ ಯಜಮಾನಿಕೆಗೆ ಬಂದು ಕೂರುವುದೂ ಉಂಟು.

ಕಟ್ಟುಪಾಡಿಗೂ ಮೇರೆಯಿದೆ. ತುದಿಯಿಂದ ತುದಿಗೆ ಸಾಲಾಗಿ 7 ಪೆಟ್ಟಿಗೆಗಳನ್ನು ಮೀರಬಾರದೆಂದು ಹಳೆಯ ಕ್ರಮದ ಸಲಹೆ. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಅಂಗುಲ ಅಂಗುಲವಾಗಿ ಬೆಳೆದು ಈ ಮೇರೆಯನ್ನು ದಾಟಿತ್ತು. 2002ರ ನವೆಂಬರಿನಲ್ಲಿ ಅಧಿಕ ಸಂಚಾರದ ಭಾರ ಬಿದ್ದಾಗ ಮರ ಮುರಿಯಿತು, ಸುತ್ತು ಹುಟ್ಟಿತು. ಸುಮಾರು 4 ದಿನ ಆಸ್ಪತ್ರೆ ಕಾಗದಕ್ಕೆ ಮರಳಿತು. ಔಷಧದ ಚೀಟಿ, ಪರೀಕ್ಷೆಯ ವರದಿ ಎಲ್ಲವೂ ಆಳುಗಳ ಕೈಯಲ್ಲಿ ಓಡಾಡಿದವು. ಆಸ್ಪತ್ರೆಯವರು ಇದನ್ನು ಮುಚ್ಚಿಡದೆ ಹೊರಗೆ ಹೇಳಿದ್ದು ದೊಡ್ಡತನ.

ಆದುದರಿಂದ ಪೆಟ್ಟಿಗೆಯನ್ನು ಕೊಂಡರೆ ಸಾಲದು, ಅದನ್ನು ನೋಡುತ್ತಿರಬೇಕು. 1988ರಿಂದ ಬಳಕೆಗೆ ಬಂದ ಎಸ್‌ಎನ್‌ಎಂಪಿ ಎಂಬ ಪದ್ಧತಿಯಲ್ಲಿ ಮೇಲ್ವಿಚಾರಕನು ಕುಳಿತಲ್ಲಿಂದಲೇ ಪ್ರತಿ ತಂತಿಯ ಸಂಚಾರ, ತಪ್ಪುಗಳ ಲೆಕ್ಕ, ಪೆಟ್ಟಿಗೆಯೊಳಗಿನ ಬಿಸಿ, ಫ್ಯಾನುಗಳ ಸ್ಥಿತಿಯನ್ನು ಕೇಳಬಹುದು. ಕೆಟ್ಟದ್ದಾದರೆ ಪೆಟ್ಟಿಗೆಯೇ ಕೂಗಿ ಹೇಳುತ್ತದೆ. ಇದರ ಮೊದಲ ರೂಪಗಳಲ್ಲಿ ಗುಟ್ಟಿನ ಪದ ಬಯಲಾಗಿಯೇ ತಂತಿಯಲ್ಲಿ ಹೋಗುತ್ತಿತ್ತು, ಮೂರನೆಯದರಲ್ಲಿ ಅದಕ್ಕೆ ಬೀಗ ಬಂತು. ಈ ನೋಟಕ್ಕೆ ಪ್ರತ್ಯೇಕ ತಂತಿ ಇರಲಿ. ಪ್ರವಾಹ ನುಗ್ಗಿದ ದಾರಿಯಲ್ಲೇ ಕಾವಲುಗಾರನೂ ಬರಬೇಕೆಂದರೆ ಅವನು ಬರುವುದೆಂತು?

ವರ್ಷದಲ್ಲಿ 99.999 ಪಾಲು ನಡೆಯುತ್ತದೆಂದು ಮಾರುವವರು ಹೇಳಿದರೆ, ನಿಲ್ಲುವುದು ವರ್ಷಕ್ಕೆ 5 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಎಂದರ್ಥ, 99.9 ಎಂದರೆ ಸುಮಾರು 8 ಗಂಟೆ 45 ನಿಮಿಷ. ನಡೆಯುತ್ತಿರುವಾಗಲೇ ಬದಲಿಸಬಲ್ಲ ಎರಡು ವಿದ್ಯುತ್ ಘಟಕಗಳುಳ್ಳ ಪೆಟ್ಟಿಗೆ ಇದಕ್ಕೆ ನೆರವಾಗುತ್ತದೆ, ಆ ಎರಡರ ತಂತಿಗಳನ್ನೂ ಒಂದೇ ವಿದ್ಯುತ್ ಹಲಗೆಗೆ ಸಿಕ್ಕಿಸದಿದ್ದರೆ.