ಹೊಸ ಕಂಪ್ಯೂಟರ್‌ನೊಳಗ ಹಳೆ ಪೇಜ್‌ಮೇಕರ್

ಆಳಂದದಾಗ ನಮ್ಮ ಕಾಕಾಂದು ಡಿಟಿಪಿ ಅಂಗಡಿ ಅದ. ಅಫಜಲಪುರ, ಜೇವರ್ಗಿ ಕಡೆಯಿಂದಲೂ ಲಗ್ನಪತ್ರಿಕೆ ಮಾಡಿಸಾಕ ಬರ್ತಾರ. ‘ಅಣ್ಣಂದು ಮಾಡಿದ್ರಲ್ಲ, ಅದನ್ನೇ ತೆಗೀರಿ, ಹೆಸರು ಬದಲ ಮಾಡ್ರಿ’ ಅಂತಾರ. ಆ ಫೈಲೆಲ್ಲ ಪೇಜ್‌ಮೇಕರ್‌ದು, ಅಕ್ಷರ ಹಳೆ ನುಡಿ. ಅಂಗಡಿ ಕಂಪ್ಯೂಟರ್ ಸತ್ತಿತು. ಹಾರ್ಡ್‌ಡಿಸ್ಕ್ ಮಾತ್ರ ಉಳೀತು.

ಹಳೆ ನುಡಿ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂಡಿಸಿದ ಫಾಂಟು. ಫಾಂಟ್ ಇಲ್ಲದಿದ್ದರೆ ವಧು-ವರರ ಹೆಸರು ಯಾವ ಭಾಷೆಯೋ ಆಗಿಬಿಡ್ತದ!

ಮನೆಯಲ್ಲಿ ನನ್ನ 8 ಜಿಬಿ ರ‍್ಯಾಮ್ ಕಂಪ್ಯೂಟರಿಗೆ ವರ್ಚುವಲ್‌ಬಾಕ್ಸ್ ಹಾಕಿದೆ. ಪುಕ್ಕಟೆ ಸಿಗ್ತದ. ಮೊದಲ ಸಲ ಶುರುವೇ ಆಗಲಿಲ್ಲ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ನೋಡಿದರೆ ‘ವರ್ಚುವಲೈಸೇಶನ್: ಡಿಸೇಬಲ್ಡ್’. ಬಯಾಸ್‌ಗೆ ಹೋಗಿ ಆನ್ ಮಾಡಿದೆ. ಕಾಕಾನ ಹತ್ರ ಇದ್ದ ಎಕ್ಸ್‌ಪಿ ಸಿಡಿ ಹಾಕಿದೆ. ಅದಕ್ಕ 1 ಜಿಬಿ ರ‍್ಯಾಮ್ ಸಾಕಾಯ್ತು. ಎಕ್ಸ್‌ಪಿಗೆ 2014ರಲ್ಲೇ ಸುರಕ್ಷಾ ಅಪ್‌ಡೇಟ್ ನಿಂತಿವೆ, ಅದಕ್ಕೇ ಒಳಗಿನ ನೆಟ್‌ವರ್ಕ್ ಪೂರಾ ಬಂದ್ ಇಟ್ಟೆ.

ಒಂದಿನ ಕೆಲಸದ ನಡುವೆ ಕರೆಂಟ್ ಹೋಯ್ತು. ಯುಪಿಎಸ್ ಇರಲಿಲ್ಲ. ವರ್ಚುವಲ್ ಡಿಸ್ಕ್ ಕೆಟ್ಟಿತು. ‘ಸ್ನ್ಯಾಪ್‌ಶಾಟ್ ಅದಲ್ಲ’ ಅಂತ ಧೈರ್ಯದಿಂದಿದ್ದೆ. ಆದರೆ ಸ್ನ್ಯಾಪ್‌ಶಾಟ್ ಮೂಲ ಡಿಸ್ಕಿನ ಮೇಲೇ ನಿಂತಿರ್ತದ, ಅದು ಹೋದ್ರ ಇದೂ ಹೋಯ್ತು. ಲಗ್ನದ ಸೀಸನ್, ಕಾಕಾ ಫೋನ್ ಮೇಲೆ ಫೋನ್: ‘ಏ ತಮ್ಮಾ, ಏನಾಯ್ತೋ?’ ರಾತ್ರಿಯೆಲ್ಲ ಕುಂತು ಮತ್ತೆ ಮೊದಲಿಂದ ಹಾಕಿದೆ.

ಈಗ ವಾರಕ್ಕೊಮ್ಮೆ ಮಷಿನ್ ಬಂದ್ ಮಾಡಿ, ಇಡೀ ಫೋಲ್ಡರ್ ಪೆನ್‌ಡ್ರೈವ್‌ಗೆ ಕಾಪಿ ಮಾಡ್ತೀನಿ. ಪೆನ್‌ಡ್ರೈವ್ ಫ್ಯಾಟ್32 ಇದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಸಲ್ಲ, ಎಕ್ಸ್‌ಫ್ಯಾಟ್ ಮಾಡ್ಕೊಳ್ರಿ. ಆ ಪೆನ್‌ಡ್ರೈವ್ ಈಗ ಕಾಕಾನ ಗಲ್ಲಾದಾಗ ಅದ.