ಮನೆತನದ ಗುಟ್ಟು ಮತ್ತು ಬೇಟೆಗಾರ

(ಉಪನ್ಯಾಸವೊಂದರ ಬರಹರೂಪ)



ಪತ್ತೇದಾರಿ ಕಾದಂಬರಿ ಹಿಡಿದ ಓದುಗನ ಮೊದಲ ಪ್ರಶ್ನೆ ‘ಮಾಡಿದವರು ಯಾರು?’ ಎಂಬುದು. ಆದರೆ ಕತೆಯ ನಡುವೆ ಒಂದು ಮನೆತನದ ಗುಟ್ಟು ಬಂದು ಕುಳಿತರೆ ಪ್ರಶ್ನೆಯೇ ಬದಲಾಗುತ್ತದೆ. ಇದು ಯಾರಿಗೆಲ್ಲ ಗೊತ್ತು? ಗೊತ್ತಿದ್ದವರು ಇಷ್ಟು ದಿನ ಏಕೆ ಸುಮ್ಮನಿದ್ದರು? ಈಗ ಬಾಯಿಬಿಟ್ಟರೆ ಯಾರಿಗೆ ಲಾಭ? ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಓದುಗರಿಗೆ ಈ ಪ್ರಶ್ನೆಗಳು ಹೊಸವಲ್ಲ. ಇವನ್ನೇ ಬೆನ್ನುಹತ್ತಿ ಕನ್ನಡದಲ್ಲಿ ಒಂದು ದೊಡ್ಡ ಕಾದಂಬರಿಯನ್ನು ಬರೆದವರು ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು. ಆ ಕಾದಂಬರಿಯ ಹೆಸರು ‘ಶಿಕಾರಿ’.

ಅದರತ್ತ ಹೋಗುವ ಮೊದಲು ಈ ಪ್ರಕಾರದ ಹುಟ್ಟನ್ನು ಸ್ವಲ್ಪ ನೋಡಬೇಕು. 1860ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ಗೌರವಸ್ಥ ಮನೆಯೊಂದರಲ್ಲಿ ನಾಲ್ಕು ವರ್ಷವೂ ತುಂಬದ ಗಂಡುಮಗುವಿನ ಕೊಲೆಯಾಯಿತು. ಲಂಡನ್ನಿನಿಂದ ಬಂದ ಪತ್ತೇದಾರ ಜೊನಾಥನ್ ವಿಚರ್, ಮಗುವಿನ ಮಲ ಅಕ್ಕ ಹದಿನಾರರ ಕಾನ್‌ಸ್ಟನ್ಸ್ ಕೆಂಟಳ ಮೇಲೆ ಸಂಶಯಪಟ್ಟ. ಸಾಕ್ಷ್ಯ ಸಾಲದೆ ಆಕೆ ಬಿಡುಗಡೆಯಾದಳು. ದೊಡ್ಡ ಮನೆಯ ಮರ್ಯಾದೆಗೆ ಕೈಹಾಕಿದನೆಂದು ಜನ ಪತ್ತೇದಾರನನ್ನೇ ದೂರಿದರು. 1865ರಲ್ಲಿ ಆಕೆಯೇ ತಪ್ಪೊಪ್ಪಿಕೊಂಡಾಗ ಅವನ ಊಹೆ ನಿಜವಾಗಿತ್ತು. ಈ ಪ್ರಕರಣದ ನೆರಳು 1868ರಲ್ಲಿ ಬಂದ ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಕಾದಂಬರಿಯ ಮೇಲೂ ಬಿದ್ದಿದೆ. ಹೊರಗಿನಿಂದ ಒಬ್ಬ ಬರುತ್ತಾನೆ, ಮುಚ್ಚಿದ ಬಾಗಿಲು ತೆರೆಯುತ್ತಾನೆ, ಸತ್ಯ ಹೊರಬೀಳುತ್ತದೆ. ಇದು ಆ ಪ್ರಕಾರದ ಮೂಲ ಚೌಕಟ್ಟು.

ಕನ್ನಡಕ್ಕೂ ಈ ಚೌಕಟ್ಟು ಬಂತು. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ ಮನೆಮಾತಾದ. ಕನ್ನಡ ಬಾವುಟದ ವಿನ್ಯಾಸದೊಂದಿಗೆ ಹೆಸರು ಬೆಸೆದುಕೊಂಡಿರುವ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಸಾಮಾನ್ಯ ಜನರಿಗೆ ಓದಿನ ರುಚಿ ಹತ್ತಿಸಿದ ಶ್ರೇಯಸ್ಸು ಈ ಪುಸ್ತಕಗಳಿಗೆ ಸಲ್ಲಬೇಕು. ಇಲ್ಲೆಲ್ಲ ಗುಟ್ಟನ್ನು ಬಯಲಿಗೆಳೆಯುವವನು ನ್ಯಾಯದ ಪರವಾಗಿಯೇ ಇರುತ್ತಾನೆ. ಅವನ ಉದ್ದೇಶವನ್ನು ಓದುಗ ಎಂದೂ ಶಂಕಿಸುವುದಿಲ್ಲ.

ಚಿತ್ತಾಲರು ಶಂಕಿಸಿದ್ದು ಅದನ್ನೇ.

1928ರಲ್ಲಿ ಹುಟ್ಟಿದ ಅವರು ರಸಾಯನ ಉದ್ಯಮದಲ್ಲಿ ದುಡಿದವರು, ಬದುಕಿನ ಬಹುಪಾಲನ್ನು ಮುಂಬಯಿಯಲ್ಲಿ ಕಳೆದು 2014ರಲ್ಲಿ ಅಲ್ಲಿಯೇ ತೀರಿಕೊಂಡವರು. ಕವಿ ಗಂಗಾಧರ ಚಿತ್ತಾಲರು ಇವರ ಅಣ್ಣ. ಊರು ಬಿಟ್ಟರೂ ಯಶವಂತರ ಕತೆಗಳು ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿದವು. ಇದಕ್ಕೆ ಈ ಕರಾವಳಿಯ ಬದುಕಿನ ರೀತಿಯಲ್ಲೇ ಕಾರಣವಿದೆ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕಡಲು, ನಡುವೆ ಅಘನಾಶಿನಿ, ಶರಾವತಿಗಳಂಥ ಹೊಳೆಗಳು. ಇರುವ ನೆಲ ಕಡಿಮೆ. ಹಾಗಾಗಿ ಮನೆಗೊಬ್ಬರಾದರೂ ಹೊರಗೆ ಹೋಗಿ ದುಡಿಯುವುದು ಇಲ್ಲಿ ಬಹುಕಾಲದ ರೂಢಿ. ಕುಮಟಾ, ಹೊನ್ನಾವರಗಳ ಅನೇಕರು ಮುಂಬಯಿಯ ದಾರಿ ಹಿಡಿದರು. ಭಟ್ಕಳದ ನವಾಯತ ಕುಟುಂಬಗಳಲ್ಲಿ ಎಷ್ಟೋ ಮಂದಿ ಕೊಲ್ಲಿ ದೇಶಗಳಿಗೆ ಹೋದರು.

ಹೀಗೆ ಒಂದೇ ಕುಟುಂಬಕ್ಕೆ ಎರಡು ಊರುಗಳಾದವು, ಒಬ್ಬನೇ ಮನುಷ್ಯನಿಗೆ ಎರಡು ಚರಿತ್ರೆಗಳಾದವು. ಪಟ್ಟಣದಲ್ಲಿ ಅವನು ಸಾಹೇಬ. ಊರಿನ ಜಗಲಿಯಲ್ಲಿ ಮಾತ್ರ ಇಂಥವರ ಮಗ, ಇಂಥವರ ಮೊಮ್ಮಗ. ಅಜ್ಜನ ಸಾಲ, ಅತ್ತೆ ತವರಿಗೆ ಮರಳಿದ ಕಾರಣ, ಪಾಲುಪಟ್ಟಿಯ ಜಗಳ ಊರಿಗೆಲ್ಲ ತಿಳಿದಿರುತ್ತದೆ. ಎದುರಿಗೆ ಯಾರೂ ಆಡುವುದಿಲ್ಲ. ಇಂಥ ಕಡೆ ಗುಟ್ಟೆಂದರೆ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಹೀಗಾಗಿ ಪತ್ತೇದಾರ ಹೊರಗಿನಿಂದ ಬರಬೇಕಾಗಿಲ್ಲ. ಊರಿನವನೊಬ್ಬ ಬಾಯಿ ತೆರೆದರೆ ಸಾಕು.

1979ರಲ್ಲಿ ಪ್ರಕಟವಾದ ‘ಶಿಕಾರಿ’ಯ ಕಥಾನಾಯಕ ನಾಗಪ್ಪ ಹನೇಹಳ್ಳಿ ಮೂಲದವನು, ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಅಮಾನತು ಮಾಡಲಾಗುತ್ತದೆ. ತಪ್ಪೇನೆಂದು ಸ್ಪಷ್ಟವಾಗಿ ಹೇಳುವವರಿಲ್ಲ. ಅಲ್ಲಿಂದ ಮುಂದೆ ಕಾದಂಬರಿ ಪತ್ತೇದಾರಿ ಕತೆಯ ವೇಗದಲ್ಲೇ ಓಡುತ್ತದೆ. ಆದರೆ ಇಲ್ಲಿ ಪತ್ತೆ ಮಾಡಬೇಕಾದವನು ಆರೋಪಿಯೇ, ಅದೂ ತನ್ನ ಅಪರಾಧವನ್ನೇ! ಕಚೇರಿಯ ಒಳಸಂಚನ್ನು ಬಿಡಿಸಹೊರಟ ನಾಗಪ್ಪ ತನ್ನ ಬಾಲ್ಯಕ್ಕೆ, ಮನೆತನದ ಹಳೆಯ ನೋವುಗಳಿಗೆ ಬಂದು ನಿಲ್ಲುತ್ತಾನೆ. ಅವನು ಮರೆಯಬಯಸಿದ್ದನ್ನು ಬಲ್ಲವರು ಅದೇ ನಗರದಲ್ಲಿದ್ದಾರೆ. ಅವರಲ್ಲಿ ಅವನ ಊರಿನ ಶ್ರೀನಿವಾಸನೂ ಒಬ್ಬ.

ಇಲ್ಲಿ ಸತ್ಯವನ್ನು ಅಗೆಯುವವರಿಗೆ ಸತ್ಯ ಬೇಕಾಗಿಲ್ಲ, ಮನುಷ್ಯನನ್ನು ಮಣಿಸುವ ಅಸ್ತ್ರ ಬೇಕು. ಪತ್ತೇದಾರನ ಜಾಗದಲ್ಲಿ ಬೇಟೆಗಾರ ನಿಂತಿದ್ದಾನೆ. ಶೀರ್ಷಿಕೆಯ ಅರ್ಥ ಅದೇ.

ಈ ಆತಂಕ ಚಿತ್ತಾಲರಲ್ಲಿ ಇನ್ನೂ ಹಿಂದಿನದು. 1964ರ ‘ಮೂರು ದಾರಿಗಳು’ ಕಾದಂಬರಿಯಲ್ಲಿ ಮನೆಯ ಹೆಣ್ಣುಮಗಳ ಮೇಲೆ ಹಬ್ಬಿದ ಅಪವಾದ ಇಡೀ ಕುಟುಂಬವನ್ನು ಅಲುಗಿಸುತ್ತದೆ. ಇದನ್ನು ಗಿರೀಶ ಕಾಸರವಳ್ಳಿಯವರು 1981ರಲ್ಲಿ ಚಲನಚಿತ್ರವಾಗಿಸಿದರು. ಗುಟ್ಟು ಇರಲೇಬೇಕೆಂದೂ ಇಲ್ಲ, ಇದೆಯೆಂದು ನಾಲ್ಕು ಜನ ನಂಬಿದರೆ ಸಾಕು ಎಂಬ ಭಯ ಈ ಕತೆಯ ಬೆನ್ನಿಗಿದೆ. ಚಿಕ್ಕ ಊರುಗಳಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ದಾರಿ ಮುಚ್ಚಿಲ್ಲ. ಕುಮಟಾದ ನೆರೆಯ ಅಂಕೋಲೆಯಿಂದ ಬಂದ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ 2021ರಲ್ಲಿ ಪ್ರಕಟವಾಯಿತು. ಮಗಳನ್ನು ಹುಡುಕಿಕೊಂಡು ಅಪರಿಚಿತ ಹುಡುಗರಿಬ್ಬರು ಮನೆಯ ಬಾಗಿಲು ತಟ್ಟುವುದರಿಂದ ಕತೆ ಬಿಚ್ಚಿಕೊಳ್ಳುತ್ತದೆ. ಅಪ್ಪ ಮಗಳ ಸುಳಿವು ಅರಸುತ್ತಾ ಹೋದಂತೆ, ಕುಟುಂಬ ತಾನೇ ಮುಚ್ಚಿಟ್ಟಿದ್ದ ಹಳೆಯ ಸಂಗತಿಗಳು ತಲೆಯೆತ್ತುತ್ತವೆ.

ಇಂಥ ಕಾದಂಬರಿಗಳನ್ನು ಹೇಗೆ ಓದಬೇಕು? ಮೊದಲ ಓದಿನಲ್ಲಿ ಎಲ್ಲರೂ ಕುತೂಹಲದಿಂದಲೇ ಪುಟ ತಿರುವುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇನ್ನೊಬ್ಬರ ಮನೆಯೊಳಗೆ ಇಣುಕುವ ಆ ಕುತೂಹಲ ಬೇಟೆಗಾರನಲ್ಲೂ ಇರುವಂಥದ್ದೇ. ‘ಶಿಕಾರಿ’ಯನ್ನು ಎರಡನೆಯ ಸಲ ಓದುವವರು ಗುಟ್ಟೇನೆಂಬುದನ್ನು ಬದಿಗಿಟ್ಟು, ಪ್ರತಿ ಸಲ ಅದನ್ನು ಕೆದಕುತ್ತಿರುವವರು ಯಾರು, ಅವರಿಗೆ ಅದು ಏತಕ್ಕೆ ಬೇಕು ಎಂಬುದನ್ನಷ್ಟೇ ಗಮನಿಸಲಿ. ಮರುದಿನ ಪೇಟೆಯಲ್ಲಿ ಯಾರಾದರೂ ಹತ್ತಿರ ಬಂದು ‘ಅವರ ಮನೆ ಸುದ್ದಿ ಗೊತ್ತಾಯ್ತಾ?’ ಎಂದು ಕೇಳಿದಾಗ ಆ ಓದು ಉಪಯೋಗಕ್ಕೆ ಬಂದೀತು.