ತ್ಯಾಗ ಎಂದರೆ ಪೆಟ್ಟು ತಿನ್ನುವುದಲ್ಲ



“ಯೇಸುಸ್ವಾಮಿ ಶಿಲುಬೆ ಹೊತ್ತರು, ನೀನೂ ನಿನ್ನ ಶಿಲುಬೆ ಹೊತ್ತುಕೋ” ಅಂತ ಹೇಳಿ ಎಷ್ಟೋ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುತ್ತಾರೆ. ಗಂಡ ಕುಡಿದು ಬಂದು ಹೊಡೆದರೂ ಸಹಿಸು, ಬಡ್ಡಿಯವನು ಬಾಗಿಲಲ್ಲಿ ನಿಂತು ಬೈದರೂ ಸಹಿಸು. ಕ್ರೈಸ್ತ ವಿಶ್ವಾಸ ಹೇಳುವ ತ್ಯಾಗ ಇದೇನಾ? ಸ್ವಲ್ಪ ವಿಚಾರ ಮಾಡೋಣ.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸು ನೋವನ್ನು ಬಯಸಲಿಲ್ಲ. ತಪ್ಪುವುದಾದರೆ ಈ ಕಷ್ಟ ತಪ್ಪಲಿ ಎಂದೇ ತಂದೆಯಲ್ಲಿ ಬೇಡಿಕೊಂಡರು. ಕೊನೆಗೆ ತಂದೆಯ ಚಿತ್ತಕ್ಕೆ ತಲೆಬಾಗಿದರು. ಅವರು ವಿಧೇಯರಾದದ್ದು ದೇವರಿಗೆ, ಹೊಡೆದವರಿಗಲ್ಲ. ವಿಚಾರಣೆಯ ವೇಳೆ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ, ಏಕೆ ಹೊಡೆದೆ ಎಂದು ಅವನನ್ನೇ ಕೇಳಿದರು.

ನಮ್ಮ ಕಾಲದಲ್ಲಿ ಈ ದಾರಿಯಲ್ಲಿ ನಡೆದವರು ಸಿಸ್ಟರ್ ರಾಣಿ ಮರಿಯ. 1954ರಲ್ಲಿ ಕೇರಳದಲ್ಲಿ ಹುಟ್ಟಿದ ಇವರು ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಆದಿವಾಸಿಗಳ ನಡುವೆ ಸೇವೆ ಮಾಡಿದರು. ಅಲ್ಲಿನ ಜನ ಲೇವಾದೇವಿಗಾರರ ಸಾಲದಲ್ಲಿ ಮುಳುಗಿದ್ದರು. ಸಿಸ್ಟರ್ ಅವರನ್ನು ಒಟ್ಟು ಸೇರಿಸಿ ಉಳಿತಾಯ ಕಲಿಸಿದರು, ಸರಕಾರದ ಸವಲತ್ತು, ಬ್ಯಾಂಕ್ ಸಾಲದ ದಾರಿ ತೋರಿಸಿದರು. ನಾವು ಸಂಘದಲ್ಲಿ ಮಾಡುವ ಕೆಲಸವೇ ಅಲ್ವೇ? ಜನ ಬಡ್ಡಿಯಿಂದ ಬಿಡಿಸಿಕೊಂಡಂತೆಲ್ಲ ಕೆಲವರಿಗೆ ಸಿಟ್ಟು ಬಂತು. ಆದರೂ ಸಿಸ್ಟರ್ ಬಡವರ ಕೈ ಬಿಡಲಿಲ್ಲ. 1995ರ ಫೆಬ್ರವರಿ 25ರಂದು ಇಂದೋರ್‌ಗೆ ಹೋಗುವ ಬಸ್ಸಿನಲ್ಲಿ ಅವರನ್ನು ಚೂರಿಯಿಂದ ಇರಿದು ಕೊಂದರು.

ಮುಂದಿನದನ್ನೂ ಕೇಳಿ. ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ಸಿಸ್ಟರ್ ಅವರ ಸ್ವಂತ ತಂಗಿ, ಅವರೂ ಧರ್ಮಭಗಿನಿ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಅಣ್ಣ ಎಂದು ಒಪ್ಪಿಕೊಂಡರು. ಆತ ಪಶ್ಚಾತ್ತಾಪಪಟ್ಟು ಬೇರೆಯೇ ಮನುಷ್ಯನಾದ. 2017ರ ನವೆಂಬರ್ 4ರಂದು ಧರ್ಮಸಭೆ ರಾಣಿ ಮರಿಯ ಅವರನ್ನು ಪುನೀತೆ ಎಂದು ಘೋಷಿಸಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಇನ್ನೊಬ್ಬರ ಬದುಕು ಹಸನಾಗಲಿ ಎಂದು ನಾವೇ ಮನಸ್ಸಿಟ್ಟು ಹೊರುವ ಕಷ್ಟ ತ್ಯಾಗ. ಮತ್ತೊಬ್ಬರ ದಬ್ಬಾಳಿಕೆಯಿಂದ ನಮ್ಮ ಮೇಲೆ ಬೀಳುವ ಪೆಟ್ಟು ಅನ್ಯಾಯ. ಕ್ಷಮೆಯೂ ಅಷ್ಟೇ. ತಂಗಿ ಕ್ಷಮಿಸಿದರು, ಆದರೆ ಕಾನೂನು ತನ್ನ ಕೆಲಸ ಮಾಡಿತ್ತು. ಕ್ಷಮಿಸುವುದೆಂದರೆ ತಪ್ಪನ್ನು ಮುಚ್ಚಿಡುವುದಲ್ಲ.

ಆದ್ದರಿಂದ ನಮ್ಮ ಸಂಘದ ಯಾವ ಅಕ್ಕತಂಗಿಯೂ “ಇದು ನನ್ನ ಶಿಲುಬೆ” ಅಂತ ಮನೆಯೊಳಗೆ ಪೆಟ್ಟು ತಿನ್ನುತ್ತಾ ಕೂರಬಾರದು. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2005ರ ಕಾಯಿದೆ ಇದೆ, ಮಹಿಳಾ ಸಹಾಯವಾಣಿ 181 ಇದೆ. ಸಭೆಗೆ ಎರಡು ವಾರ ಬಾರದವಳ ಮನೆಗೆ ಹೋಗಿ ವಿಚಾರಿಸಿ. ಕಂತು ಕೇಳುವುದು ಆಮೇಲೆ ಇರಲಿ, ಮೊದಲು ಅವಳ ಮುಖ ನೋಡಿ. ಅವಳ ಜೊತೆ ಠಾಣೆಗೋ ಆಸ್ಪತ್ರೆಗೋ ಹೋಗಲು ಒಂದು ದಿನದ ಕೂಲಿ ಬಿಡಬೇಕಾಗಬಹುದು, ನಾಲ್ಕು ಮಾತು ಕೇಳಬೇಕಾಗಬಹುದು. ಆ ಒಂದು ದಿನದ ಕೂಲಿ, ಆ ನಾಲ್ಕು ಮಾತು, ಅದೇ ನಾವು ಹೊರಬೇಕಾದ ಶಿಲುಬೆ.

ದೇವರು ನಮಗೆಲ್ಲ ಆ ಧೈರ್ಯ ಕೊಡಲಿ.